ಹಳೇ ಫೋಟೋ ಹಿಂದಿನ ಕತೆ ಬರೆದಿಡುವುದು ಹೇಗೆ? ಮನೆಯ ಆಲ್ಬಮ್ಮಿಗೊಂದು ಸಮಗ್ರ ಮಾರ್ಗದರ್ಶಿ

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಹಳೇ ಫೋಟೋ ಹಾಕುತ್ತಾರೆ. ಹತ್ತು ನಿಮಿಷದಲ್ಲಿ ಹಾರ್ಟು, ಕೈ ಮುಗಿಯುವ ಚಿತ್ರ, 'ಸೂಪರ್', 'ಓಲ್ಡ್ ಈಸ್ ಗೋಲ್ಡ್' ಎಲ್ಲ ಬಂದು ಬೀಳುತ್ತವೆ. ನಡುವೆ ಎಲ್ಲೋ ಒಬ್ಬರು ಅತ್ತೆ ಬರೆಯುತ್ತಾರೆ: 'ಇದು ಹಳೇ ಮನೆ ಜಗಲಿ. ಅವತ್ತೇ ಕೊಟ್ಟಿಗೆ ಬಿದ್ದಿದ್ದು.' ಕೊಟ್ಟಿಗೆ ಯಾಕೆ ಬಿತ್ತು ಅಂತ ಯಾರೂ ಕೇಳುವುದಿಲ್ಲ. ಮರುದಿನ ಬೆಳಗ್ಗೆ ಹತ್ತಾರು ಶುಭೋದಯಗಳ ಅಡಿಯಲ್ಲಿ ಆ ಮಾತು ಮುಚ್ಚಿಹೋಗಿರುತ್ತದೆ.

ಆ ಫೋಟೋವನ್ನು ಎಲ್ಲರೂ ಡೌನ್‌ಲೋಡ್ ಮಾಡಿಕೊಂಡಿರುತ್ತಾರೆ. ಕೊಟ್ಟಿಗೆ ಕತೆ ಮಾತ್ರ ಅತ್ತೆ ಹತ್ತಿರವೇ ಉಳಿದಿರುತ್ತದೆ. ಅಂಥ ಕತೆಗಳನ್ನು ಕೇಳಿ, ಬರೆದು, ಫೋಟೋ ಜೊತೆಗೇ ಇರುವ ಹಾಗೆ ಮಾಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಸ್ಕ್ಯಾನ್ ಮಾಡುವುದು ಸುಲಭ, ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ಕೇಳುವುದರಲ್ಲಿ. ಹಾಗಾಗಿ ಮೆಷಿನ್ ವಿಷಯ ಕಮ್ಮಿ, ಮಾತಾಡಿಸುವ ವಿಷಯ ಜಾಸ್ತಿ.

ಹೆಜ್ಜೆ 1: ಎಲ್ಲವನ್ನೂ ಮಾಡಲು ಹೋಗಬೇಡಿ

ಟ್ರಂಕು, ಬೀರುವಿನ ಮೇಲಿನ ಗೂಡು, ಮದುವೆ ಆಲ್ಬಮ್, ಹಳೇ ಡೈರಿಯ ಪುಟಗಳ ನಡುವೆ, ಗೋಡೆಗೆ ನೇತುಹಾಕಿದ ಕಟ್ಟು, ದೇವರ ಪಟಗಳ ಹಿಂದೆ. ಹುಡುಕಿದರೆ ನೂರಾರು ಸಿಗುತ್ತವೆ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಆಮೇಲೆ ಕತೆ ಕೇಳೋಣ ಅಂದುಕೊಂಡವರು ಸ್ಕ್ಯಾನಿಂಗಿನಲ್ಲೇ ಸುಸ್ತಾಗಿ ನಿಲ್ಲಿಸುತ್ತಾರೆ. ಇದನ್ನು ಬಹಳ ಮನೆಗಳಲ್ಲಿ ನೋಡಿದ್ದೇನೆ.

ಮೊದಲ ಸುತ್ತಿಗೆ ಹದಿನೈದು, ಇಪ್ಪತ್ತು ಫೋಟೋ ಸಾಕು. ಆರಿಸುವಾಗ ಎಲ್ಲಕ್ಕಿಂತ ಹಳೇ ಫೋಟೋ ಯಾವುದು ಅಂತ ನೋಡಬೇಡಿ. ಎಲ್ಲರಿಗಿಂತ ಹಿರಿಯರು ಯಾರಿದ್ದಾರೆ, ಅವರು ಯಾವ ಫೋಟೋ ಬಗ್ಗೆ ಮಾತಾಡಬಲ್ಲರು ಅಂತ ನೋಡಿ. ಮುತ್ತಾತ ಪೇಟ ಸುತ್ತಿಕೊಂಡು ಕೂತ ಫೋಟೋ ಮನೆಗೆಲ್ಲ ಹೆಮ್ಮೆಯದ್ದೇ. ಆದರೆ ಅದರ ಬಗ್ಗೆ ಹೇಳುವವರು ಈಗ ಇಲ್ಲದಿದ್ದರೆ ಅದು ಇನ್ನೊಂದು ವರ್ಷ ಕಾದರೂ ನಷ್ಟವಿಲ್ಲ. ಎಂಬತ್ತೈದರ ಅಜ್ಜಿ ಕಾಲೇಜಿಗೆ ಹೋಗುವಾಗ ತೆಗೆಸಿದ ಫೋಟೋ ಕಾಯುವ ಹಾಗಿಲ್ಲ.

ಇನ್ನೊಂದು ಮಾತು. ನೀಟಾಗಿ ಸಾಲಾಗಿ ನಿಂತ ಮದುವೆ ಗ್ರೂಪ್ ಫೋಟೋದಲ್ಲಿ ಹೆಸರು ಜಾಸ್ತಿ ಸಿಗುತ್ತವೆ, ಕತೆ ಕಮ್ಮಿ. ಮಸುಕಾದ್ದು, ಯಾರದ್ದೋ ತಲೆ ಅರ್ಧ ಕತ್ತರಿಸಿಹೋದದ್ದು, ಹಿಂದೆ ಯಾರೋ ನಗುತ್ತಿರುವುದು, ಇಂಥವನ್ನು ಬಿಸಾಡದೆ ಇಟ್ಟುಕೊಂಡಿದ್ದಾರೆ ಅಂದರೆ ಅದಕ್ಕೊಂದು ಕಾರಣ ಇರುತ್ತದೆ. ಅಂಥದ್ದು ನಾಲ್ಕಾದರೂ ನಿಮ್ಮ ಕಂತೆಯಲ್ಲಿರಲಿ.

ಹೆಜ್ಜೆ 2: ಮೊದಲು ಬೆನ್ನು ನೋಡಿ

ಫೋಟೋ ಕೈಗೆ ಬಂದ ಕೂಡಲೇ ತಿರುಗಿಸಿ. ಮುಂದುಗಡೆ ಎಲ್ಲರೂ ನೋಡಿರುತ್ತಾರೆ, ಹಿಂದುಗಡೆ ಯಾರೂ ನೋಡಿರುವುದಿಲ್ಲ. ಪೆನ್ಸಿಲಿನಲ್ಲಿ ಬರೆದ ಹೆಸರು, 'ಪ್ರೀತಿಯ ತಂಗಿಗೆ', ಸ್ಟುಡಿಯೋದ ರಬ್ಬರ್ ಮೊಹರು, ಕಾಗದದ ಕಂಪನಿಯ ಹೆಸರು, ಏನಾದರೂ ಇರುತ್ತದೆ.

ಮೊಹರಿನಲ್ಲಿ ವಿಳಾಸ ಇದ್ದರೆ ಪಿನ್‌ಕೋಡ್ ಇದೆಯಾ ನೋಡಿ. ಆರಂಕಿಯ ಪಿನ್‌ಕೋಡ್ ಶುರುವಾಗಿದ್ದು 1972ರ ಆಗಸ್ಟ್ 15ರಂದು. 'ಬೆಂಗಳೂರು - 560 002' ಅಂತ ಇದ್ದರೆ ಆ ಮೊಹರು ಅದಕ್ಕಿಂತ ಈಚಿನದು. ಸುಮ್ನೆ 'ಬೆಂಗಳೂರು - 2' ಅಂತಿದ್ದರೆ ಬಹುಶಃ ಮುಂಚಿನದು. ಬಹುಶಃ ಅನ್ನುವುದು ಯಾಕೆಂದರೆ ಹಳೇ ಮೊಹರು ಸವೆಯುವ ತನಕ ಒತ್ತುತ್ತಲೇ ಇರುತ್ತಿದ್ದರು. ಸ್ಟುಡಿಯೋದ ಹೆಸರನ್ನಷ್ಟೇ ನೋಡಿ ವರ್ಷ ಹೇಳಲು ಆಗುವುದಿಲ್ಲ. ಬೆಂಗಳೂರಿನ ಜಿ.ಕೆ. ವೇಲ್ ಶುರುವಾಗಿದ್ದು 1910ರಲ್ಲಿ. ಅಜ್ಜನೂ ಅಲ್ಲೇ ತೆಗೆಸಿರಬಹುದು, ಮೊಮ್ಮಗನೂ ಅಲ್ಲೇ.

ಕಟ್ಟು ಹಾಕಿಸಿದ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ. ಫೋಟೋ ಮೇಲಿನ ಪದರ ಜೆಲಟಿನ್‌ನದು, ಅದು ಗಾಜಿಗೇ ಬಂದುಬಿಡುತ್ತದೆ. ಗಾಜಿನ ಸಮೇತ ನಕಲು ತೆಗೆಯಿರಿ. ಎಂಬತ್ತು, ತೊಂಬತ್ತರ ದಶಕದ ಅಂಟುಪುಟದ ಆಲ್ಬಮ್ಮುಗಳಿಗೂ ಇದೇ ಮಾತು. ಮೇಲಿನ ಪ್ಲಾಸ್ಟಿಕ್ ಹಾಳೆ ಬಿಡಿಸಿ ಮೊದಲು ಇಡೀ ಪುಟದ ಫೋಟೋ ತೆಗೆಯಿರಿ. ಯಾವುದರ ಪಕ್ಕ ಯಾವುದನ್ನು ಅಂಟಿಸಿದ್ದರು ಅನ್ನುವುದೂ ಒಂದು ಸುಳಿವೇ. ಆಮೇಲೆ ಬಿಟ್ಟುಕೊಡುವಂಥವನ್ನು ಮಾತ್ರ ಮೆಲ್ಲಗೆ, ತೆಳ್ಳನೆಯ ದಾರ ಅಡಿಯಲ್ಲಿ ಜಾರಿಸಿ ಬಿಡಿಸಬಹುದು. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಮಲೆನಾಡು, ಕರಾವಳಿ ಕಡೆಯ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಈ ಕೆಲಸಕ್ಕೆ ಕೈ ಹಾಕುವುದು ಒಳ್ಳೆಯದು.

ಹೆಜ್ಜೆ 3: ನಕಲು

ಸ್ಕ್ಯಾನರ್ ಇದ್ದರೆ ಪೋಸ್ಟ್‌ಕಾರ್ಡ್ ಗಾತ್ರದ ಫೋಟೋಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ), ಅಂಗೈಗಿಂತ ಚಿಕ್ಕದಕ್ಕೆ 1200. ಕಪ್ಪುಬಿಳುಪಿನದನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ, ಕಲೆಗೂ ಇಂಕಿಗೂ ಇರುವ ವ್ಯತ್ಯಾಸ ಆಗ ಕಾಣುತ್ತದೆ. ಹಿಂಬದಿಯನ್ನೂ ಮಾಡಿ.

ಸ್ಕ್ಯಾನರ್ ಇಲ್ಲದಿದ್ದರೆ ಫೋನೇ ಸಾಕು. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೋಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಹೊಳಪು ಕಾಟ ಕೊಟ್ಟರೆ ಗೂಗಲ್‌ನ ಫೋಟೋಸ್ಕ್ಯಾನ್ ಆ್ಯಪ್ ಇದೆ. ಅದು ನಾಲ್ಕೈದು ಕೋನದಿಂದ ತೆಗೆದು ಹೊಳಪನ್ನು ಕಳೆಯುತ್ತದೆ. ಬಣ್ಣದ ಹಳೇ ಪ್ರಿಂಟುಗಳು ಕೆಂಪಗಾಗಿರುವುದನ್ನು ನೀವೂ ನೋಡಿರುತ್ತೀರಿ. ಬೇರೆ ಬಣ್ಣಗಳಿಗಿಂತ ಮೊದಲು ನೀಲಿಹಸಿರು ಮಾಸಿಹೋಗಿರುತ್ತದೆ, ಅಷ್ಟೇ. ಸರಿಪಡಿಸಬೇಕಾದರೆ ಸ್ಕ್ಯಾನಿನ ಇನ್ನೊಂದು ಪ್ರತಿಯಲ್ಲಿ ಮಾಡಿ, ಮೊದಲ ಪ್ರತಿ ಹಾಗೇ ಇರಲಿ. ಮುಖವನ್ನು 'ಚಂದ' ಮಾಡಿಕೊಡುವ ಆ್ಯಪ್‌ಗಳನ್ನು ದೂರ ಇಡಿ. ಅವು ಇಲ್ಲದ ಕಣ್ಣುಮೂಗು ತಾವೇ ಬರೆಯುತ್ತವೆ. ಅಜ್ಜನ ಮುಖ ಯಾರದ್ದೋ ಮುಖ ಆಗಿಬಿಡುತ್ತದೆ.

ಹೆಜ್ಜೆ 4: ಕೇಳುವ ಮೊದಲು ಸ್ವಲ್ಪ ಪತ್ತೇದಾರಿ

ವರ್ಷ ಯಾವುದು ಅಂತ ಹಿರಿಯರನ್ನು ನೇರವಾಗಿ ಕೇಳಿದರೆ 'ಅಯ್ಯೋ, ಎಷ್ಟು ವರ್ಷ ಆಯ್ತೋ' ಅನ್ನುತ್ತಾರೆ. ನೀವೇ ಒಂದು ಅಂದಾಜು ಮಾಡಿಕೊಂಡು ಹೋದರೆ ಮಾತು ಬೇಗ ಕುದುರುತ್ತದೆ.

ಫೋಟೋದಲ್ಲಿ ಗಾಡಿ ಇದೆಯಾ? ನಂಬರ್ ಪ್ಲೇಟ್ ನೋಡಿ. ಈಗಿನ 'ಕೆಎ' ಬಂದಿದ್ದು 1989ರಲ್ಲಿ. ಅದಕ್ಕೂ ಮುಂಚೆ 'ಎಂವೈ', 'ಸಿಎ' ಹೀಗೆ ಶುರುವಾಗುವ ಮೂರಕ್ಷರದ ನಂಬರುಗಳಿದ್ದವು. ಮಾರುತಿ 800 ನಿಂತಿದ್ದರೆ 1983ರ ಡಿಸೆಂಬರಿಗಿಂತ ಮುಂಚೆ ಆಗಿರಲು ಸಾಧ್ಯವಿಲ್ಲ. ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಅಂತಿದ್ದರೆ 1973ರ ನವೆಂಬರಿಗೆ ಮುಂಚಿನದು, ಅಥವಾ ಬೋರ್ಡು ಬದಲಿಸದ ಕಚೇರಿಯದು. ಶಾಲೆಯ ಗ್ರೂಪ್ ಫೋಟೋ ಆದರೆ ಕೆಲಸ ಸುಲಭ, ಮುಂದೆ ನೆಲದ ಮೇಲೆ ಕೂತವನ ಕೈಯಲ್ಲಿ ಸ್ಲೇಟು ಇರುತ್ತದೆ, ಅದರಲ್ಲಿ ತರಗತಿ, ವರ್ಷ ಎಲ್ಲ ಬರೆದಿರುತ್ತದೆ.

ಚಿಕ್ಕದಾಗಿ, ಚೌಕವಾಗಿ ಇರುವ ಕಪ್ಪುಬಿಳುಪು ಪ್ರಿಂಟು ಸಿಕ್ಕರೆ ಅದು 120 ಅನ್ನುವ ಅಳತೆಯ ಫಿಲಂ ರೋಲಿನದ್ದಿರಬಹುದು. ಆಗ್ಫಾ ಕ್ಲಿಕ್ ತ್ರೀ ಥರದ ಡಬ್ಬಿ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ. ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಪ್ರಿಂಟು ಹಾಕಿಸುತ್ತಿದ್ದರು, ದುಡ್ಡು ಉಳಿಯುತ್ತಿತ್ತು. ಫಿಲಂ ಸುಲಭಕ್ಕೆ ಸಿಗುತ್ತಲೂ ಇರಲಿಲ್ಲ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿ ಹುಟ್ಟಿದ್ದು 1960ರಲ್ಲಿ, ಅಲ್ಲಿ ತಯಾರಿಕೆ ಶುರುವಾಗಿದ್ದು 1967ರಲ್ಲಿ. 'ಇಂದು' ಅನ್ನುವ ಹೆಸರಿನಲ್ಲಿ ಅವರ ಫಿಲಂ ಬರುತ್ತಿತ್ತು. ಇದು ಯಾಕೆ ಮುಖ್ಯ ಅಂದರೆ, ಆ 12 ಫೋಟೋ ಒಂದೇ ದಿನ ಮುಗಿಯುತ್ತಿರಲಿಲ್ಲ. ಸಂಕ್ರಾಂತಿಗೆ ನಾಲ್ಕು, ಯಾರದ್ದೋ ನಾಮಕರಣಕ್ಕೆ ಎರಡು, ಉಳಿದದ್ದು ದೀಪಾವಳಿಗೆ. ಪ್ರಿಂಟಿನ ಹಿಂದೆ ಇರುವ ತಾರೀಕು ತೊಳೆಸಿದ ದಿನದ್ದು, ತೆಗೆದ ದಿನದ್ದಲ್ಲ. ನೆಗೆಟಿವ್ ಸಿಕ್ಕರೆ ಖಂಡಿತ ಇಟ್ಟುಕೊಳ್ಳಿ. ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇರುವ ಫೋಟೋಗಳು ಹೇಳುವಷ್ಟು ಸುಳಿವನ್ನು ಆಲ್ಬಮ್ ಹೇಳುವುದಿಲ್ಲ.

ತೊಂಬತ್ತರ ದಶಕದ ಪ್ರಿಂಟುಗಳ ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಕು ಇರುತ್ತದಲ್ಲ, ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಬ್ಯಾಟರಿ ಬದಲಿಸಿದಾಗ ತಾರೀಕು ಮತ್ತೆ ಹಾಕದೇ ಬಿಟ್ಟ ಕ್ಯಾಮೆರಾಗಳು ಬೇಕಾದಷ್ಟಿದ್ದವು.

ಮದುವೆ, ಮುಂಜಿ ಫೋಟೋ ಆದರೆ ಲಗ್ನಪತ್ರಿಕೆ ಹುಡುಕಿ. ಅದರಲ್ಲಿ ಸಂವತ್ಸರದ ಹೆಸರು ಇದ್ದೇ ಇರುತ್ತದೆ. 60 ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುವುದರಿಂದ ಲೆಕ್ಕ ಸುಲಭ. 2024ರ ಯುಗಾದಿಗೆ ಬಂದ ಕ್ರೋಧಿ ಅದಕ್ಕೂ ಮುಂಚೆ ಬಂದಿದ್ದು 1964ರಲ್ಲಿ. 'ಪ್ರಭವ' ಅಂತಿದ್ದರೆ 1987 ಅಥವಾ 1927. ಎರಡರಲ್ಲಿ ಯಾವುದು ಅಂತ ಫೋಟೋ ನೋಡಿದರೆ ಮಕ್ಕಳೂ ಹೇಳುತ್ತಾರೆ.

ಹೆಜ್ಜೆ 5: ಕೂತು ಕೇಳಿ

ಇಡೀ ಕೆಲಸದ ಜೀವ ಇಲ್ಲಿದೆ.

ಮೊದಲು ಸಣ್ಣ ತಯಾರಿ. ಫೋಟೋವನ್ನು ಫೋನಿನಲ್ಲಿ ತೋರಿಸಬೇಡಿ. ಹಿರಿಯರ ಕಣ್ಣಿಗೆ ಕಷ್ಟ, ಬೆರಳು ತಾಗಿ ಬೇರೆ ಫೋಟೋಗೆ ಹಾರುತ್ತದೆ, ನಡುವೆ ಯಾರದ್ದೋ ಫೋನ್ ಬರುತ್ತದೆ. ಎ4 ಹಾಳೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಝೆರಾಕ್ಸ್ ಅಂಗಡಿಯದ್ದಾದರೂ ಸಾಕು. ಅದರ ಮೇಲೆ ಬರೆಯಬಹುದು, ಬಾಣದ ಗುರುತು ಹಾಕಬಹುದು. ಅಸಲಿ ಫೋಟೋವನ್ನೂ ಕೈಗೆ ಕೊಡಿ. ಅದನ್ನು ಮುಟ್ಟಿದಾಗ ಬರುವ ಮಾತೇ ಬೇರೆ. ಊಟ ಆಗಿ, ಮಧ್ಯಾಹ್ನದ ನಿದ್ದೆ ಮುಗಿದು, ಕಾಫಿ ಕುಡಿದ ಹೊತ್ತು ಒಳ್ಳೆಯದು. ಒಂದು ಸಲಕ್ಕೆ ನಾಲ್ಕೈದು ಫೋಟೋ ಮಾತ್ರ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಹೇಳಿ ಮಾಡಿ. 'ನನಗೆ ಮರೆತುಹೋಗತ್ತೆ, ರೆಕಾರ್ಡ್ ಮಾಡ್ಕೊಳ್ಳಲಾ?' ಅಂದರೆ ಬೇಡ ಅನ್ನುವವರು ಕಮ್ಮಿ. ಬೇಡ ಅಂದರೆ ಬಿಡಿ, ಬರೆದುಕೊಳ್ಳಿ. ಫೋನನ್ನು ಅವರ ಮುಖದ ಮುಂದೆ ಹಿಡಿಯದೆ ಪಕ್ಕದ ದಿಂಬಿನ ಮೇಲಿಡಿ. ಫ್ಯಾನ್ ಸದ್ದು ಜಾಸ್ತಿ ಇದ್ದರೆ ಒಂದು ಪಾಯಿಂಟ್ ಇಳಿಸಿ.

ಈಗ ಪ್ರಶ್ನೆ. ನಾವೆಲ್ಲ ಮೊದಲು ಕೇಳುವುದು 'ಇದು ಯಾರು?' ಅಂತ. ಅದಕ್ಕೆ ಉತ್ತರ ಒಂದು ಹೆಸರು. ಹೆಸರು ಬಂದ ಕೂಡಲೇ ಬಾಗಿಲು ಮುಚ್ಚಿಹೋಗುತ್ತದೆ. ಹೆಸರನ್ನು ಕೊನೆಗೆ ಕೇಳಿದರೂ ಬರುತ್ತದೆ. ಮೊದಲು ವಸ್ತುವಿನ ಬಗ್ಗೆ ಕೇಳಿ.

ನಮ್ಮ ದೊಡ್ಡಮ್ಮನ ಒಂದು ಫೋಟೋ ಇದೆ. ಮೊಗ್ಗಿನ ಜಡೆಯದು. ಹಳೇ ಮೈಸೂರಿನ ಕಡೆ, ಬೆಂಗಳೂರಿನ ಕಡೆ ಇಂಥ ಫೋಟೋ ಇಲ್ಲದ ಮನೆ ಕಮ್ಮಿ. ಬೇಸಿಗೆಯಲ್ಲಿ ಮಲ್ಲಿಗೆ ಮೊಗ್ಗು ಸಿಗುವ ಕಾಲಕ್ಕೆ ಹುಡುಗಿಗೆ ಜಡೆ ಹಾಕಿ, ಜರಿ ಲಂಗ ಉಡಿಸಿ, ಸ್ಟುಡಿಯೋಗೆ ಕರೆದುಕೊಂಡು ಹೋಗುತ್ತಿದ್ದರು. ಸ್ಟುಡಿಯೋದಲ್ಲಿ ಇದಕ್ಕೇ ಅಂತ ಒಂದು ನಿಲುವುಗನ್ನಡಿ ಇರುತ್ತಿತ್ತು. ಹುಡುಗಿಯನ್ನು ಓರೆಯಾಗಿ ನಿಲ್ಲಿಸಿ ಹಿಂದೆ ಕನ್ನಡಿ ಇಟ್ಟರೆ ಮುಖವೂ ಬರಬೇಕು, ಕನ್ನಡಿಯಲ್ಲಿ ಇಡೀ ಜಡೆಯೂ ಬರಬೇಕು. 'ದೊಡ್ಡಮ್ಮ, ಇದು ಯಾರು?' ಅಂದರೆ 'ನಾನೇ ಕಣೋ, ಗೊತ್ತಾಗಲ್ವಾ?' ಅಂದು ಫೋಟೋ ಕೆಳಗಿಡುತ್ತಾರೆ. 'ಜಡೆ ಯಾರು ಹಾಕಿದ್ದು?' ಅಂತ ಕೇಳಿದಾಗ ಬಂದಿದ್ದು ಇದು:

'ಎದುರು ಮನೆ ಅಕ್ಕ. ಅವಳ ಕೈ ಬಲು ಬಿಗಿ. ತಲೆ ಜಗ್ಗಿ ಜಗ್ಗಿ ಕಣ್ಣಲ್ಲಿ ನೀರು. ಮೊಗ್ಗು ಅರಳೋದ್ರೊಳಗೆ ಸ್ಟುಡಿಯೋ ಮುಟ್ಟಬೇಕಲ್ಲ, ಅಮ್ಮ ಬಿಸಿಲಲ್ಲಿ ಓಡಿಸ್ಕೊಂಡು ಹೋದ್ಳು. ದಾರೀಲಿ ಚಪ್ಪಲಿ ಉಂಗುಷ್ಟ ಕಿತ್ತೋಯ್ತು. ಬರಿಗಾಲು ಕಾಣತ್ತೆ ಅಂತ ಲಂಗ ಕೆಳಗೆ ಎಳ್ಕೊಂಡಿದೀನಿ ನೋಡು.'

ನೋಡಿದರೆ ಹೌದು. ಬಲಗೈ ಲಂಗದ ನೆರಿಗೆ ಹಿಡಿದಿದೆ. ಅಷ್ಟು ವರ್ಷ ಅದು ಪೋಸು ಅಂದುಕೊಂಡಿದ್ದೆವು.

ಹಾಗಾಗಿ ಕೇಳಬೇಕಾದ್ದು: ಈ ಸೀರೆ ಯಾರದ್ದು, ಎರವಲಾ? ಕೈಯಲ್ಲಿರುವ ವಾಚು ಯಾರದ್ದು? ಈ ಕುರ್ಚಿ ಈಗ ಎಲ್ಲಿದೆ? ಸ್ಟುಡಿಯೋ ಫೋಟೋಗಳಲ್ಲಿ ಟೆಲಿಫೋನು, ಹೂದಾನಿ, ಹಿಂದೆ ಬಣ್ಣದ ಪರದೆಯಲ್ಲಿ ಅರಮನೆಯ ಮೆಟ್ಟಿಲು ಇರುತ್ತವಲ್ಲ, ಅವುಗಳ ಬಗ್ಗೆ ಕೇಳಿದರೆ ನಗು ಬರುತ್ತದೆ, ನಗುವಿನ ಹಿಂದೆ ಮಾತು ಬರುತ್ತದೆ.

ಆಮೇಲೆ ಚೌಕಟ್ಟಿನ ಹೊರಗಿನ ಪ್ರಶ್ನೆಗಳು. ನನ್ನ ಅನುಭವದಲ್ಲಿ ಇವೇ ಎಲ್ಲಕ್ಕಿಂತ ಗಟ್ಟಿ. ಫೋಟೋ ತೆಗೆದವರು ಯಾರು? ಮನೆಯಲ್ಲಿ ಕ್ಯಾಮೆರಾ ಇದ್ದ ಚಿಕ್ಕಪ್ಪ ಯಾವ ಫೋಟೋದಲ್ಲೂ ಇರುವುದಿಲ್ಲ, ಆದರೆ ಎಲ್ಲ ಫೋಟೋನೂ ಅವರದ್ದೇ. ಫೋಟೋದಲ್ಲಿ ಇರಬೇಕಾಗಿತ್ತು, ಇಲ್ಲ, ಯಾರು? ಇದನ್ನು ಮೆಲ್ಲಗೆ ಕೇಳಬೇಕು. ಅಡಿಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು, ಜಗಳ ಆಡಿ ಬಾರದೇ ಹೋದವರು, ಶುಭಕಾರ್ಯದ ಫೋಟೋಗೆ ಬರಬಾರದು ಅಂತ ಒಳಗೇ ಕೂರಿಸಿದ್ದ ವಿಧವೆ ಅತ್ತೆ. ಹಲವು ಮನೆಗಳಲ್ಲಿ ಅವರ ಗುರುತು ಉಳಿಯುವುದೇ ಈ ಒಂದು ಪ್ರಶ್ನೆಯಿಂದ. 'ಫೋಟೋ ತೆಗೆದರೆ ಆಯಸ್ಸು ಕಮ್ಮಿ' ಅಂತ ಕ್ಯಾಮೆರಾ ಕಂಡರೆ ಓಡಿಹೋಗುತ್ತಿದ್ದ ಮುತ್ತಜ್ಜಿಯ ಬಗ್ಗೆಯೂ ಆಗಲೇ ಗೊತ್ತಾಗುತ್ತದೆ.

ಕೊನೆಗೆ: ಫೋಟೋ ತೆಗೆಯುವ ಮುಂಚೆ ಏನಾಗುತ್ತಿತ್ತು, ತೆಗೆದ ಮೇಲೆ ಎಲ್ಲಿಗೆ ಹೋದಿರಿ? ಈ ಫೋಟೋ ಯಾರಿಗೆ ಅಂತ ತೆಗೆಸಿದ್ದು? ಒಂಟಿಯಾಗಿ ಸ್ಟುಡಿಯೋದಲ್ಲಿ ನಿಂತ ಹುಡುಗಿಯ ಫೋಟೋ ಬಹಳ ಸಲ ಗಂಡಿನ ಕಡೆಯವರಿಗೆ ಕಳಿಸಲು ತೆಗೆಸಿದ್ದು. ಯಾವ ಯಾವ ಮನೆಗೆ ಹೋಗಿ ವಾಪಸ್ ಬಂತು ಅನ್ನುವುದು ಒಂದು ದೊಡ್ಡ ಕತೆ. ಹೇಳಿದರೆ ಕೇಳಿ, ಒತ್ತಾಯ ಬೇಡ.

ವರ್ಷ ಸಿಗದೇ ಇದ್ದಾಗ ಊರಿಗೆಲ್ಲ ನೆನಪಿರುವ ಘಟನೆ ಇಟ್ಟು ಕೇಳಿ. ಸಾಗರದ ಕಡೆಯವರಿಗೆ 'ಮುಳುಗಡೆಗೆ ಮುಂಚೆಯಾ, ಆಮೇಲಾ?' ಅಂದರೆ ಸಾಕು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು, ಊರು ಬಿಟ್ಟ ಮನೆಗಳಲ್ಲಿ ಕಾಲ ಎರಡೇ ಭಾಗ. ಕಾರವಾರದಿಂದ ರಾಯಚೂರಿನ ತನಕದವರಿಗೆ 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ, ಹಗಲಲ್ಲೇ ಕತ್ತಲಾಗಿ ಬಾಗಿಲು ಹಾಕಿಕೊಂಡು ಕೂತ ದಿನ. ಚಿಕ್ಕಮಗಳೂರಿನವರಿಗೆ ಇಂದಿರಾ ಗಾಂಧಿ ಎಲೆಕ್ಷನ್ನಿಗೆ ನಿಂತ 1978. ಎಲ್ಲರಿಗೂ ಆಗುವಂಥದ್ದು ಟಿವಿಯಲ್ಲಿ ಭಾನುವಾರ ಬೆಳಗ್ಗೆ ರಾಮಾಯಣ ಬರುತ್ತಿದ್ದ 1987, 88. ರಾಜ್‌ಕುಮಾರ್ ಕಾಡಿನಲ್ಲಿದ್ದಾಗಲಾ ಅಂದರೆ 2000ದ ಜುಲೈ ಕೊನೆಯಿಂದ ನವೆಂಬರ್ ನಡುವೆ. ಇವಕ್ಕೆ ಮನೆಯ ಲೆಕ್ಕ ಸೇರಿಸಿ: ಅಣ್ಣ ಹುಟ್ಟಿದ್ದನಾ, ಕರೆಂಟ್ ಬಂದಿತ್ತಾ, ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ್ದಿರಾ?

ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ತಕ್ಷಣ ಮುಂದಿನ ಫೋಟೋ ತೋರಿಸಬೇಡಿ. ಆ ಮೌನದ ಆಚೆ ಬರುವ ಮಾತಿಗಾಗಿಯೇ ನೀವು ಕೂತಿರುವುದು. ತಪ್ಪು ಹೇಳಿದರೂ ತಿದ್ದಬೇಡಿ. 'ಅಲ್ಲ ಅಜ್ಜಿ, ಅದು ಶಿವಮೊಗ್ಗ ಅಲ್ಲ, ಭದ್ರಾವತಿ' ಅಂತ ಅಂದಿರೋ, ಮುಂದೆ ಅವರು ನಿಮ್ಮನ್ನು ನೋಡಿ ನೋಡಿ ಮಾತಾಡಲು ಶುರು ಮಾಡುತ್ತಾರೆ.

ಒಬ್ಬರೇ ಇದ್ದಾಗ ಮಾತು ಒಂದು ಥರ, ಇಬ್ಬರು ಸೇರಿದಾಗ ಇನ್ನೊಂದು ಥರ. ಅಕ್ಕತಂಗಿಯರನ್ನು ಒಟ್ಟಿಗೆ ಕೂರಿಸಿದರೆ ನೀವು ಕೇಳುವ ಕೆಲಸವೇ ಇರುವುದಿಲ್ಲ, ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಗಂಡ ಹೆಂಡತಿಯನ್ನು ಮಾತ್ರ ಬೇರೆ ಬೇರೆ ಕೇಳಿ. ತಾತ ಪಕ್ಕದಲ್ಲಿದ್ದರೆ ಅಜ್ಜಿ 'ಅವರನ್ನೇ ಕೇಳು, ಅವರಿಗೆ ಗೊತ್ತು' ಅಂದುಬಿಡುತ್ತಾರೆ. ಅಡಿಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಾಗ ಅದೇ ಅಜ್ಜಿ ಒಂದು ಗಂಟೆ ಹೇಳುತ್ತಾರೆ.

ಹೆಜ್ಜೆ 6: ಅವರ ಮಾತಿನಲ್ಲೇ ಬರೆಯಿರಿ

ಅವತ್ತೇ ಬರೆಯಿರಿ. ರೆಕಾರ್ಡಿಂಗ್ ಇದೆಯಲ್ಲ ಅಂತ ಬಿಟ್ಟರೆ ಅದು ಫೋನಿನಲ್ಲೇ ಉಳಿಯುತ್ತದೆ.

ಒಂದು ಫೋಟೋಗೆ ಐದಾರು ಸಾಲು ಸಾಕು. ಇದು ಸಾಮಾನ್ಯವಾಗಿ ನಾವು ಬರೆಯುವ ರೀತಿ: 'ದೊಡ್ಡಮ್ಮ ಬಾಲ್ಯದಲ್ಲಿ ಸಾಂಪ್ರದಾಯಿಕ ಮೊಗ್ಗಿನ ಜಡೆ ಅಲಂಕಾರದಲ್ಲಿ. ಅಂದಿನ ದಿನಗಳ ಸುಂದರ ನೆನಪು.' ಇದರಲ್ಲಿ ಫೋಟೋ ನೋಡಿದರೆ ಕಾಣದಿರುವುದು ಏನೂ ಇಲ್ಲ. ಬದಲಿಗೆ ಹೀಗೆ ಬರೆಯಿರಿ:

'ದೊಡ್ಡಮ್ಮ, ಹತ್ತು ವರ್ಷ ಇರಬಹುದು. ಮೊಗ್ಗಿನ ಜಡೆ, ಆದ್ದರಿಂದ ಬೇಸಿಗೆ. ಜಡೆ ಹಾಕಿದ್ದು ಎದುರು ಮನೆ ಅಕ್ಕ, ಹೆಸರು ನೆನಪಿಲ್ಲ. ದಾರಿಯಲ್ಲಿ ಚಪ್ಪಲಿ ಉಂಗುಷ್ಟ ಕಿತ್ತು ಬರಿಗಾಲಲ್ಲಿ ನಿಂತಿದ್ದಾರೆ, ಅದಕ್ಕೇ ಲಂಗ ಎಳೆದುಕೊಂಡಿರುವುದು. ಜರಿ ಲಂಗ ಅಮ್ಮನ ಹಳೇ ಸೀರೆಯದು. ಹೇಳಿದ್ದು ದೊಡ್ಡಮ್ಮನೇ, ಮನೆಯಲ್ಲಿ.' ಕೆಳಗೆ ಕೇಳಿದ ದಿನ, ಬರೆದವರ ಹೆಸರು.

ಕೊನೆಯ ಸಾಲು ಬಿಡಬೇಡಿ. ಯಾರು ಹೇಳಿದ್ದು, ಯಾವಾಗ, ಯಾರು ಬರೆದುಕೊಂಡಿದ್ದು. ಮುಂದೆ ಓದುವವರಿಗೆ ಇದು ಕಣ್ಣಾರೆ ಕಂಡವರ ಮಾತಾ, ಕೇಳಿದವರ ಮಾತಾ ಅಂತ ಗೊತ್ತಾಗುವುದು ಅದರಿಂದಲೇ. 'ಇರಬಹುದು', 'ನೆನಪಿಲ್ಲ' ಅನ್ನುವುದನ್ನೂ ಹಾಗೇ ಬರೆಯಿರಿ. ಖಾಲಿ ಜಾಗವನ್ನು ನಿಮ್ಮ ಊಹೆಯಿಂದ ತುಂಬಿದರೆ ಇಪ್ಪತ್ತು ವರ್ಷ ಕಳೆದ ಮೇಲೆ ಅದೇ ಸತ್ಯ ಆಗಿಬಿಡುತ್ತದೆ.

ಹೇಳುವವರ ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಧಾರವಾಡದ ಅಜ್ಜಿ 'ಅಂವಾ ಭಾಳ ಚಲೋ ಹಾಡ್ತಿದ್ದಾ' ಅಂದಿದ್ದನ್ನು 'ಅವರು ಉತ್ತಮ ಗಾಯಕರಾಗಿದ್ದರು' ಅಂತ ಮಾಡಿದರೆ ಅಜ್ಜಿಯೂ ಹೋದಳು, ಹಾಡಿದವನೂ ಹೋದ. ಒಂದೆರಡು ವಾಕ್ಯವನ್ನಾದರೂ ಅವರ ಬಾಯಲ್ಲಿ ಬಂದ ಹಾಗೇ ಇಡಿ.

ಫೋಟೋಗಳ ಸುತ್ತ ಮನೆಮನೆಯ ಇತಿಹಾಸ ಕಟ್ಟಬಹುದು ಅನ್ನುವುದಕ್ಕೆ ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. 2010ರಲ್ಲಿ ಅನುಷಾ ಯಾದವ್ ಶುರು ಮಾಡಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್. ಜನರ ಮನೆಯ ಹಳೇ ಫೋಟೋ, ಅದರ ಜೊತೆಗೆ ಆ ಮನೆಯವರೇ ಹೇಳಿದ ಕತೆ. ಬರೆಯಲು ಕೂರುವ ಮುಂಚೆ ಅಲ್ಲಿನ ಒಂದೆರಡು ಓದಿ ನೋಡಿ, ಎಷ್ಟು ವಿವರ ಬೇಕು ಅನ್ನುವ ಅಂದಾಜು ಸಿಗುತ್ತದೆ.

ಹೆಜ್ಜೆ 7: ಇಬ್ಬರು ಎರಡು ಥರ ಹೇಳಿದರೆ

ಹೇಳಿಯೇ ಹೇಳುತ್ತಾರೆ. ಫೋಟೋವನ್ನು ಗ್ರೂಪಿಗೆ ಹಾಕಿದ ಮೇಲಂತೂ ಗ್ಯಾರಂಟಿ. ಮಾವ ಇದು ಧರ್ಮಸ್ಥಳ ಅನ್ನುತ್ತಾರೆ, ಅತ್ತೆ ಕುಕ್ಕೆ ಅನ್ನುತ್ತಾರೆ. ಜಾಗದ ವಿಷಯ ಆದರೆ ಹಿಂದಿರುವ ಕಟ್ಟಡ, ಬೋರ್ಡು ನೋಡಿ ತೀರ್ಮಾನ ಮಾಡಬಹುದು. ಆದರೆ ಯಾಕೆ ಅಳುತ್ತಿದ್ದರು, ಯಾರ ಮೇಲೆ ಯಾರಿಗೆ ಸಿಟ್ಟು ಅನ್ನುವ ವಿಷಯದಲ್ಲಿ ನೀವು ಜಡ್ಜ್ ಆಗಬೇಡಿ. ಎರಡನ್ನೂ ಬರೆಯಿರಿ, ಹೇಳಿದವರ ಹೆಸರಿನ ಜೊತೆ. ಯಾರು ಯಾವುದನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಅನ್ನುವುದೇ ಬಹಳ ಸಲ ಫೋಟೋಗಿಂತ ಸ್ವಾರಸ್ಯ.

ಹೆಜ್ಜೆ 8: ಕತೆ ಫೋಟೋಗೆ ಅಂಟಿಕೊಂಡೇ ಇರಲಿ

ಬೇರೆ ಫೈಲಿನಲ್ಲಿ ಬರೆದ ಕತೆ ಫೋಟೋದಿಂದ ಯಾವತ್ತಾದರೂ ಬೇರೆ ಆಗುತ್ತದೆ. ಹಾಗಾಗಿ ಒಂದಕ್ಕಿಂತ ಜಾಸ್ತಿ ಕಡೆ ಇಡಿ.

ಫೈಲಿನ ಹೆಸರಲ್ಲೇ ಮುಖ್ಯ ವಿಷಯ ಬರಲಿ: ವರ್ಷ, ಊರು, ಯಾರು. '1964-ಸಾಗರ-ಅತ್ತೆ ಮದುವೆ-03' ಹೀಗೆ. ವರ್ಷ ಪಕ್ಕಾ ಗೊತ್ತಿಲ್ಲದಿದ್ದರೆ '1960ರ ದಶಕ'. ವರ್ಷ ಮೊದಲು ಬಂದರೆ ಫೋಲ್ಡರಿನಲ್ಲಿ ತಾನಾಗೇ ಸಾಲಾಗಿ ಕೂರುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಇಡುವವರು ವಿವರಣೆಯ ಜಾಗದಲ್ಲಿ ಕತೆ ಬರೆಯಬಹುದು, ತಾರೀಕನ್ನೂ ಹಳೇದಕ್ಕೆ ಬದಲಿಸಬಹುದು. ಒಂದು ಎಚ್ಚರಿಕೆ: ಟೇಕ್‌ಔಟ್ ಅನ್ನುವ ಗೂಗಲ್‌ನದೇ ಸೌಲಭ್ಯದ ಮೂಲಕ ಎಲ್ಲ ಹೊರಗೆ ತೆಗೆದುಕೊಂಡಾಗ ಆ ವಿವರಣೆ ಫೋಟೋ ಪಕ್ಕದಲ್ಲಿ ಬೇರೆ ಜೇಸನ್ (.json) ಫೈಲಾಗಿ ಬರುತ್ತದೆ. ಏನೋ ಕಸ ಅಂತ ಅಳಿಸಬೇಡಿ.

ಅಸಲಿ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಅಂಚಿನ ಹತ್ತಿರ, ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ, ಮುಂದುಗಡೆ ಗೆರೆ ಏಳುತ್ತದೆ. ನುಣುಪು ಪ್ಲಾಸ್ಟಿಕ್ ಥರದ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಅಂಥದ್ದನ್ನು ಲಕೋಟೆಯಲ್ಲಿ ಹಾಕಿ ಲಕೋಟೆ ಮೇಲೆ ಬರೆಯಿರಿ. ಬರೆದ ಮೇಲೆ ಫೋಟೋ ಒಳಗೆ ಹಾಕಬೇಕು, ಹಾಕಿದ ಮೇಲೆ ಬರೆಯಬಾರದು. ಸೆಲ್ಲೋಟೇಪ್ ಯಾವುದಕ್ಕೂ ಬೇಡ.

ಇದೆಲ್ಲದರ ಜೊತೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಪ್ರತಿ ಫೋಟೋಗೆ ಒಂದು ನಂಬರು, ನಂಬರಿನ ಎದುರು ಕತೆ. ಹಾರ್ಡ್‌ಡಿಸ್ಕ್ ಕೆಡಬಹುದು, ಪಾಸ್‌ವರ್ಡ್ ಮರೆಯಬಹುದು. ನೋಟ್‌ಬುಕ್ಕನ್ನು ನಿಮ್ಮ ಮನೆಗೆ ಬಂದ ಯಾರು ಬೇಕಾದರೂ ತೆಗೆದು ಓದುತ್ತಾರೆ.

ಹೆಜ್ಜೆ 9: ಹಂಚುವಾಗ

ಗ್ರೂಪಿಗೆ ಒಂದೇ ಸಲ ಐವತ್ತು ಫೋಟೋ ಸುರಿಯಬೇಡಿ. ವಾರಕ್ಕೆ ಒಂದು, ಭಾನುವಾರ ಮಧ್ಯಾಹ್ನ. ಕತೆ ಮೊದಲೇ ಹಾಕದೆ ಒಂದು ಪ್ರಶ್ನೆ ಹಾಕಿ: 'ಹಿಂದೆ ಕಾಣುವ ಆ ಬಾವಿ ಯಾರ ಮನೆಯದು?' ಹಾರ್ಟಿನ ಬದಲು ಉತ್ತರ ಬರಲು ಶುರುವಾಗುತ್ತದೆ. ಟೈಪ್ ಮಾಡಲು ಬಾರದ ಹಿರಿಯರಿಗೆ ವಾಯ್ಸ್ ಮೆಸೇಜ್ ಕಳಿಸಲು ಹೇಳಿ. ಬಂದ ಉತ್ತರವನ್ನು ಅವತ್ತೇ ನೋಟ್‌ಬುಕ್ಕಿಗೆ ಇಳಿಸಿ, ವಾಯ್ಸ್ ಫೈಲನ್ನು ಫೋಟೋ ಇರುವ ಫೋಲ್ಡರಿಗೆ ಹಾಕಿ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳ ಹತ್ತಿರ ಅಪ್ಪ ಅಮ್ಮ ಕೊಟ್ಟು ಕಳಿಸಿದ ಪ್ರತಿಗಳಿರುತ್ತವೆ, ಅವುಗಳ ಹಿಂಬದಿಯನ್ನೂ ಕೇಳಿ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ.

ಮನೆಯ ಗ್ರೂಪು ಬೇರೆ, ಫೇಸ್‌ಬುಕ್ ಬೇರೆ. ಬದುಕಿರುವವರ ಫೋಟೋ ಹೊರಗೆ ಹಾಕುವ ಮುಂಚೆ ಅವರನ್ನೊಂದು ಮಾತು ಕೇಳಿ. ಮುರಿದುಬಿದ್ದ ಸಂಬಂಧ, ದತ್ತು, ಮೊದಲ ಮದುವೆ, ಸಾಲ, ಇಂಥವು ಕತೆಯಲ್ಲಿ ಬಂದರೆ ನೋಟ್‌ಬುಕ್ಕಿನಲ್ಲಿ ಇರಲಿ, ಗ್ರೂಪಿಗೆ ಬೇಡ. 'ಇದನ್ನು ಬರೀಬೇಡ' ಅಂತ ಹಿರಿಯರು ಹೇಳಿದ್ದರೆ ನೋಟ್‌ಬುಕ್ಕಿಗೂ ಬೇಡ. ಹಕ್ಕಿನ ವಿಷಯ ಕೇಳುವವರಿಗೆ ಒಂದು ಸಾಲು: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು.

ಈಗಿನ ಫೋಟೋಗಳ ಗತಿ?

ಇದೇ ಕೆಲಸವನ್ನು ಫೋನಿನಲ್ಲಿರುವ ಸಾವಿರಾರು ಫೋಟೋಗೂ ಮಾಡಬೇಕಾ ಅಂತ ಕೇಳುತ್ತಾರೆ. ಬೇಡ, ಆಗುವುದೂ ಇಲ್ಲ. ಅದರಲ್ಲಿ ತಾರೀಕು, ಜಾಗ ತಾನಾಗೇ ಸೇರಿಕೊಂಡಿರುತ್ತದೆ, ಪತ್ತೇದಾರಿ ಬೇಕಿಲ್ಲ. ತಿಂಗಳ ಕೊನೆಗೆ ಐದು ಫೋಟೋ ಆರಿಸಿ, ಪ್ರತಿಯೊಂದರ ವಿವರಣೆಯಲ್ಲಿ ಎರಡು ಸಾಲು ಬರೆಯಿರಿ. ಯಾರು ತೆಗೆದಿದ್ದು, ಯಾರು ಬಂದಿರಲಿಲ್ಲ, ಫೋಟೋ ಆದ ಮೇಲೆ ಏನು ತಿಂದಿರಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ಅವುಗಳಲ್ಲಿ ಹತ್ತನ್ನು ಪ್ರಿಂಟ್ ಹಾಕಿಸಿ ಅದೇ ನೋಟ್‌ಬುಕ್ಕಿನ ನಂಬರ್ ಮುಂದುವರಿಸಿ.